ಹನ್ನೆರಡು ಸೆಕೆಂಡು

ಮಾರ್ಚ್ 3, ಮಧ್ಯಾಹ್ನ

ಇವತ್ತೂ ಬಲಗಡೆಯ ಕಿಟಕಿ. ಪುಟ್ಟ ವಿಮಾನ, ಕಾಲು ಚಾಚಲು ಜಾಗವಿಲ್ಲ. ತೊಡೆಯ ಮೇಲೆ ಟ್ಯಾಬ್, ಅದರಲ್ಲಿ ಬಿಟ್ಟಿ ಸಿಗುವ ಓಪನ್ ಸೋರ್ಸ್ ಮ್ಯಾಪ್ ಸಾಫ್ಟ್‌ವೇರ್. ಕೆಳಗೆ ಸಮುದ್ರದ ಹುಲ್ಲು ಮೇಯುವ ಕಡಲಹಸು ಕಿಟಕಿಗೆ ನೇರಕ್ಕೆ ಬಂದ ಕ್ಷಣ ಗುಂಡಿ ಒತ್ತಬೇಕು. ಆಗ ವಿಮಾನ ಎಲ್ಲಿದೆಯೋ ಅಲ್ಲಿ ಚುಕ್ಕೆ ಬೀಳುತ್ತದೆ. ಇಷ್ಟೇ ಕೆಲಸ. ಎಡ ಕಿಟಕಿಗೆ ನನ್ನ ಜೊತೆಯ ಹುಡುಗ ಅರ್ಜೆಂಟ್ — ನಾವೇ ಇಟ್ಟ ಹೆಸರು. ನೀರು ಅಲುಗಿದರೆ ಸಾಕು, ಒತ್ತಿಬಿಡುತ್ತಾನೆ. ನಾನು ಹಾಗಲ್ಲ. ಎಷ್ಟಿವೆ, ಜೊತೆಗೆ ಮರಿ ಇದೆಯೋ, ಎಲ್ಲ ಖಾತ್ರಿ ಮಾಡಿಕೊಂಡೇ ಒತ್ತುವುದು.

“ನೀವು ಒತ್ತೋ ಹೊತ್ತಿಗೆ ಹಸು ಮನೆ ಸೇರಿರುತ್ತೆ ಮೇಡಂ,” ಅಂದ.

ಪೈಲಟ್ ನಕ್ಕರು. ನನಗೆ ಉರಿದುಹೋಯಿತು.

ಮಾರ್ಚ್ 5

ಚುಕ್ಕೆಗಳನ್ನೆಲ್ಲ ಒಂದೇ ಮ್ಯಾಪಿಗೆ ತಂದೆ. ಹಡಗುಗಳಿಗೆಂದು ಹೊಸದಾಗಿ ಗುರುತಿಸಿರುವ ದಾರಿಯ ಆಚೆ ಈಚೆ ನನ್ನ ಹದಿನೇಳು ಹಸುಗಳು. ದಾರಿ ಮಾತ್ರ ಖಾಲಿ. ಅರ್ಜೆಂಟನ ಐದರಲ್ಲಿ ನಾಲ್ಕು ದಾರಿಯೊಳಗೇ ಬಿದ್ದಿವೆ. ಆತುರದ ಕೆಲಸ... ‘ಅನುಮಾನ’ ಎಂದು ಬರೆದು ಪಕ್ಕಕ್ಕಿಟ್ಟೆ.

ಸರ್‌ಗೆ ಖುಷಿಯೋ ಖುಷಿ. “ನಿನ್ನ ಮ್ಯಾಪಿಗೆ ಕಣ್ಣು ಮುಚ್ಚಿ ಸಹಿ ಹಾಕ್ತೀನಿ ಕಣಮ್ಮ.” 12ನೇ ತಾರೀಕು ಮೀಟಿಂಗ್. ದಾರಿಯಲ್ಲಿ ಹಸು ಇಲ್ಲ ಎಂದಾದರೆ ಹಡಗು ಬಿಡುತ್ತಾರೆ.

ಅಮ್ಮನಿಗೂ ಹೇಳಿದೆ. “ಹುಟ್ಟೋಕೇ ಹತ್ತು ದಿನ ತಡ ಮಾಡಿದವಳು, ಈಗ ನೋಡು!” ಎಂದಳು.

ಮಾರ್ಚ್ 7, ಮಧ್ಯಾಹ್ನ

ಒಂದು ಕೆಂಪು ಡ್ರಮ್ ತಲೆ ತಿನ್ನುತ್ತಿದೆ. ಸಮುದ್ರದಲ್ಲಿ ಸರಪಳಿ ಬಿಗಿದು ತೇಲಿಬಿಟ್ಟಿರುವುದು, ಎಲ್ಲಿಗೂ ಹೋಗುವಂಥದ್ದಲ್ಲ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಗುರುತು ಹಾಕಿದ್ದೆ. ಮ್ಯಾಪಿನಲ್ಲಿ ಎರಡು ಡ್ರಮ್ — ನಡುವೆ ಒಂದು ಕಿಲೋಮೀಟರಿಗೂ ಹೆಚ್ಚು. ಸಾಫ್ಟ್‌ವೇರಿನದೇ ತಪ್ಪಿರಬೇಕು. ಬಿಟ್ಟಿ ಸಿಕ್ಕಿದ್ದು ತಾನೇ.

ಸಂಜೆ 6

ಹಾರಾಟದ ರೆಕಾರ್ಡಿಂಗ್ ಕೇಳಿದೆ. “ಡ್ರಮ್!” ಎಂದು ಕೂಗಿದ್ದು ನಾನೇ. ಗುಂಡಿ ಒತ್ತಿದ ಹೊತ್ತು ನೋಡಿದೆ — ಹನ್ನೆರಡು ಸೆಕೆಂಡು ತಡ. ಡ್ರಮ್ಮನ್ನೂ ಖಾತ್ರಿ ಮಾಡಿಕೊಂಡಿದ್ದೇನೆ! ಹಸುಗಳದ್ದೂ ನೋಡಿದೆ, ಅದೇ ತಡ. ಅಷ್ಟರಲ್ಲಿ ವಿಮಾನ ಆರುನೂರು ಮೀಟರ್ ಮುಂದೆ — ಹೋಗುವಾಗ ಅತ್ತ, ಬರುವಾಗ ಇತ್ತ. ಚುಕ್ಕೆಗಳನ್ನು ಅಷ್ಟೂ ದೂರ ಹಿಂದಕ್ಕೆ ಎಳೆದೆ. ಹದಿನೇಳರಲ್ಲಿ ಹದಿಮೂರು ಹಡಗಿನ ದಾರಿಯೊಳಗೆ ಬಂದು ನಿಂತವು. ಮರಿಗಳೂ. ಪಾಪ, ಸಾಫ್ಟ್‌ವೇರ್ ನಾನು ಹೇಳಿದಲ್ಲೇ ಚುಕ್ಕೆ ಇಟ್ಟಿತ್ತು.

ಮಾರ್ಚ್ 11

ಮೂರು ದಿನ ಬರೆದಿಲ್ಲ. ಊಟ ಸೇರುತ್ತಿಲ್ಲ. ಕೂತರೆ ಏಳಬೇಕು, ಎದ್ದರೆ ಕೂರಬೇಕು. ಯಾರಿಗೂ ಹೇಳಿಲ್ಲ. ಇನ್ನೊಮ್ಮೆ ಲೆಕ್ಕ, ಮತ್ತೊಮ್ಮೆ ಲೆಕ್ಕ... ಖಾತ್ರಿ ಮಾಡಿಕೊಳ್ಳುತ್ತಿದ್ದೇನಂತೆ. ಸುಳ್ಳು. ಮರ್ಯಾದೆ ಹೋಗುತ್ತದೆಂಬ ಹೆದರಿಕೆ, ಅಷ್ಟೇ.

ಅರ್ಜೆಂಟ್ ಟೀ ತಂದಿಟ್ಟ. “ಏನಾಯ್ತು ಮೇಡಂ, ಮುಖ ಬಾಡಿಹೋಗಿದೆ?”

ನಿನ್ನ ಆ ನಾಲ್ಕು ಚುಕ್ಕೆಯೂ ಸರಿ ಕಣೋ ಅನ್ನಬೇಕಿತ್ತು. “ತಲೆನೋವು” ಅಂದೆ.

ಮಾರ್ಚ್ 12, ಬೆಳಿಗ್ಗೆ 9.50

ಸರ್ ಕೋಣೆಯ ಹೊರಗಿನ ಬೆಂಚು. ಮಡಿಲಲ್ಲಿ ಎರಡು ಮ್ಯಾಪು, ಹಳೆಯದು, ತಿದ್ದಿದ್ದು. ಹತ್ತು ಗಂಟೆಗೆ ಮೀಟಿಂಗ್. ಒಳಗೆ ಡ್ರಾಯರ್ ಎಳೆಯುವ ಸದ್ದು — ಸಹಿಗೆ ಪೆನ್ನು ಹುಡುಕುತ್ತಿದ್ದಾರೆ. ಹೇಗೆ ಶುರು ಮಾಡಲಿ? ಮೊದಲು ಡ್ರಮ್ಮಿನ ವಿಷಯ, ಆಮೇಲೆ ಹಸು... ಮನಸ್ಸಿನಲ್ಲಿ ಇನ್ನೊಂದು ಸಲ ಹೇಳಿಕೊಂಡು...

ಅಯ್ಯೋ, ಮತ್ತೆ ಅದೇ ಚಾಳಿ.

ಹಾಳಾಗಿ ಹೋಗಲಿ. ಈ ಸಲ ಕಾಯುವುದಿಲ್ಲ. ಬಾಗಿಲು ತಟ್ಟಿ —