ಶೀಟ್ ಶೆಡ್ಡಿನ ಬಾಟ್ಲಿ

ಐವರ್ನಾಡು
ಸೋಮವಾರ

ಭವಿತಾಗೆ ಅತ್ತಿಗೆ ಕಮಲಾವತಿ ಬರೆಯುವುದು.

ನಾವು ಚೆನ್ನಾಗಿದ್ದೇವೆ. ನಿನ್ನ ನಂಬರನ್ನು ನಾನು ಅಂದೇ ಅಳಿಸಿದ್ದೆ. ನಿನ್ನ ಅಣ್ಣನಲ್ಲಿ ಕೇಳಲು ಬಾಯಿ ಬರಲಿಲ್ಲ, ಅದಕ್ಕೆ ಪತ್ರ.

ಎರಡು ವರ್ಷ ಮುಚ್ಚಿದ್ದ ರಬ್ಬರ್ ಶೀಟ್ ಮಾಡುವ ಶೆಡ್ಡನ್ನು ಹೋದ ತಿಂಗಳು ನಾನೇ ತೆರೆದೆ. ರಬ್ಬರ್ ಹಾಲು ಗಟ್ಟಿಯಾಗಲು ಆಸಿಡ್ ಹಾಕುವುದೂ ಈಗ ನಾನೇ.

ನಿನ್ನೆ ಆಸಿಡಿನ ಕ್ಯಾನ್ ಸೋರುತ್ತಿತ್ತು. ಉಳಿದದ್ದನ್ನು ಕೈಗೆ ಸಿಕ್ಕಿದ ಬಾಟ್ಲಿಗೆ ಸುರಿದು, ಮುಚ್ಚಳ ಹಾಕಿ ಹಲಗೆಯ ಮೇಲಿಟ್ಟೆ. ಹಾಲು ಸೋಸಿ ಬಂದು ನೋಡಿದರೆ ಅದು ನಾನು ಕುಡಿಯುವ ನೀರಿನ ಬಾಟ್ಲಿ. ಅದಕ್ಕೆ ಬಟ್ಟೆ ಕಟ್ಟಿ ಗುರುತು ಮಾಡಿದೆ. ಆಮೇಲೆ ಉಳಿದ ಕೆಲಸ ಮುಗಿಸಿದೆ.

ನೀನು ಅವತ್ತು ಇದೇ ಶೆಡ್ಡಿನಲ್ಲಿ ಮಾಡಿದ್ದೂ ಇಷ್ಟೇ. ನನ್ನ ಮಗಳು ಮೋಕ್ಷಿತಾ ಆಟವಾಡಿ ಬಾಯಾರಿ ಬಂದಳು, ನೀರೆಂದು ಅದನ್ನೇ ಕುಡಿದಳು. ಪುತ್ತೂರಿನ ಆಸ್ಪತ್ರೆಯಲ್ಲಿ ನೀನು, "ಅತ್ತಿಗೆ, ನನಗೆ ಗೊತ್ತೇ ಆಗ್ಲಿಲ್ಲ" ಎಂದೆ. "ಗೊತ್ತಾಗದೆ ಇರುದು ಹೇಗೆ?" ಎಂದು ನಾನು ಎಲ್ಲರೆದುರು ಕೇಳಿದೆ. ಅವಳನ್ನು ಮಣ್ಣು ಮಾಡುವ ದಿನ ನೀನು ಗೇಟಿನ ಹತ್ತಿರವೇ ನಿಂತಿದ್ದೆ. ನಾನು ನೋಡಿಯೂ ಕರೆಯಲಿಲ್ಲ.

ಹೇಗೆ ಎಂದು ಈಗ ಗೊತ್ತಾಯಿತು. ಅದಕ್ಕೆ ಯೋಚನೆಯೇ ಬೇಡ, ಕೈ ಮಾಡಿಬಿಡುತ್ತದೆ.

ಭಾನುವಾರ ಬಾ. ಬರುವಾಗ ಕಡಬ ಪೇಟೆಯಿಂದ ಕೆಂಪು ಪೇಂಟಿನ ಸಣ್ಣ ಡಬ್ಬಿ ತಾ. ಹೊಸ ಕ್ಯಾನಿನ ಮೇಲೆ ಆಸಿಡ್ ಎಂದು ದೊಡ್ಡದಾಗಿ ಬರೆಯಬೇಕು, ನಿನ್ನ ಅಕ್ಷರ ಚಂದ ಉಂಟು. ನಿನಗೆ ಮಗಳು ಹುಟ್ಟಿದ್ದು ಗೊತ್ತು. ಅವಳನ್ನೂ ಕರೆದುಕೊಂಡು ಬಾ, ಶೆಡ್ಡಿಗೆ ಬೀಗ ಹಾಕಿರುತ್ತೇನೆ.

ಗೇಟಿನ ಹತ್ತಿರ ನಿಲ್ಲಬೇಡ.

ನಿನ್ನ ಅತ್ತಿಗೆ,
ಕಮಲಾವತಿ