ಚಹಾದಲ್ಲಿ ಅದ್ದಿದ ಉಡುಪು

ರುಮೈಥಿಯಾ, ಕುವೈತ್
4 ನವೆಂಬರ್ 2025

ಪ್ರೀತಿಯ ಅವ್ವನಿಗೆ,

ಫೋನಿನಲ್ಲಿ ಹೇಳಿದರೆ ನೀನು ಸ್ಪೀಕರ್ ಹಾಕಿ ಕೇರಿಗೆಲ್ಲ ಕೇಳಿಸುತ್ತೀ. ಅದಕ್ಕೇ ನಾಳೆ ರಜೆಗೆ ಹೊರಟಿರುವ ಪಕ್ಕದ ಮನೆಯ ವಾರಿಜಾಳ ಕೈಯಲ್ಲಿ ಈ ಕಾಗದ. ಮುಂದಿನ ಶುಕ್ರವಾರ ಕನ್ನಡ ಸಂಘದ ಕಾರ್ಯಕ್ರಮದಲ್ಲಿ ನಾನು ಕುಣಿಯುವುದನ್ನು ಮೊಬೈಲಿನಲ್ಲಿ ನೋಡಲು ಯಲ್ಲಾಪುರದ ನಮ್ಮ ಸಿದ್ದಿಗಳನ್ನೆಲ್ಲ ಕರೆದಿದ್ದೀಯಂತೆ. ಡಂಗುರ ಹೊಡೆದದ್ದು ಸಾಕು ಅವ್ವ. ನಾನು ಕುಣಿಯುತ್ತಿಲ್ಲ.

ಈ ಮನೆಯವರು ಕೊಡುವುದು ವಾರಕ್ಕೆ ಒಂದೇ ರಜೆ. ಮೂರು ವರ್ಷ ಆ ರಜೆಯನ್ನೆಲ್ಲ ಹರಿಣಾಕ್ಷಿ ಟೀಚರ್ ಹತ್ತಿರ ಮಾಡರ್ನ್ ಡಾನ್ಸ್ ಕಲಿಯಲು ಹಾಕಿದೆ. ನನ್ನಷ್ಟು ಎತ್ತರ ಜಿಗಿಯುವವರು ಕ್ಲಾಸಿನಲ್ಲಿಲ್ಲ ಎಂದು ಅವರೇ ಹೇಳಿದ್ದರು. ಆದರೂ ಎರಡು ವರ್ಷ ಹಿಂದಿನ ಸಾಲು, ಅದೂ ಕೈ ಕುತ್ತಿಗೆಗೆಲ್ಲ ಬಿಳಿ ಮೇಕಪ್ಪು ಬಳಿದ ಮೇಲೆ. ವೀಡಿಯೊ ನೋಡಿ ಎಷ್ಟು ಬೆಳ್ಳಗಾಗಿದ್ದೀಯೇ ಎಂದು ನೀನು ಕೇಳಿದಾಗ ಸ್ಟೇಜಿನ ಲೈಟು ಎಂದೆ. ಸುಳ್ಳು ಹೇಳಿದೆ.

ಈ ಸಲ ಮುಂದಿನ ಸಾಲು ಸಿಕ್ಕಿತ್ತು. ಆರು ಜನರಿಗೆ ಮೈಬಣ್ಣದ್ದು ಎಂದು ಬಿಗಿಯುಡುಪು ತರಿಸಿದರು. ಯಾರ ಮೈಬಣ್ಣವೋ! ನನ್ನ ಮೇಲೆ ಸುಣ್ಣ ಬಳಿದ ಹಾಗಿತ್ತು. ಚಹಾಪುಡಿಗೆ ಕಾಫಿಪುಡಿ ಸೇರಿಸಿ ಕುದಿಸಿ, ಮೂರು ಸಲ ಅದ್ದಿದೆ. ಸರಿಯಾಗಿ ನನ್ನದೇ ಬಣ್ಣ ಬಂತು. ಪಕ್ಕದಲ್ಲಿ ಕೈಯಿಟ್ಟು ಹೋಲಿಸಿ ಖುಷಿಗೆ ಅತ್ತುಬಿಟ್ಟೆ.

ರಿಹರ್ಸಲ್ಲಿನಲ್ಲಿ ಟೀಚರ್ ನೋಡಿದವರೇ, ಎಂಥ ಮಾರಾಯ್ತಿ ಇದು, ಐದು ಜನ ಒಂದು ಕಲರ್, ನೀನೊಬ್ಳು ಬೇರೆ, ಮ್ಯಾಚೇ ಆಗುದಿಲ್ಲ ಎಂದರು. ಹಾಗಾದರೆ ಆ ಐದನ್ನೂ ಅದ್ದಿಕೊಡುತ್ತೇನೆ ಎಂದೆ. ಯಾರೂ ನಗಲಿಲ್ಲ. ಖಲಾಸ್, ನನ್ನ ಜಾಗ ಇನ್ನೂ ನೆಟ್ಟಗೆ ಜಿಗಿಯಲು ಬಾರದ ಅಪೇಕ್ಷಾಳಿಗೆ ಹೋಯಿತು. ನನಗೆ ಬೇರೆ ಐಟಮ್ ಇದೆಯಂತೆ. ಸೊಂಟಕ್ಕೆ ಎಲೆ ಕಟ್ಟಿ, ಮುಖಕ್ಕೆ ಚುಕ್ಕಿಯಿಟ್ಟು, ಕಾಡುಜನರ ಕುಣಿತ. ಅದು ನಿಮ್ಮದೇ ಅಲ್ವಾ ಎಂದರು. ನೀನು ಸೀರೆ ಬಿಗಿದು ಪುಗಡಿ ಕುಣಿದದ್ದನ್ನು ಕಂಡು ಕುಣಿಯಲು ಕಲಿತವಳು ನಾನು. ನಮ್ಮಲ್ಲಿ ಎಲೆ ಊಟಕ್ಕೆ ಮಾತ್ರ ಎಂದು ಹೇಳಿ, ಬೇಡವೆಂದು ಬಂದೆ.

ದಣಿದುಬಿಟ್ಟಿದ್ದೇನೆ ಅವ್ವ. ದಿನವಿಡೀ ನೆಲ ಒರೆಸಿದರೂ ಹೀಗೆ ಸೋತಿರಲಿಲ್ಲ. ಆ ಶುಕ್ರವಾರ ಯಾರನ್ನೂ ಕರೆಯಬೇಡ, ಮೊಬೈಲನ್ನೂ ತೆರೆಯಬೇಡ. ಮಂಡಿನೋವಿಗೆ ಎಣ್ಣೆ ಕಳಿಸಿದ್ದೇನೆ, ಹಚ್ಚಿಕೋ.

ನಿನ್ನ ಮಗಳು,
ಜೂಲಿಯಾನಾ

ತಾ.ಕ.: ಬೇಡವೆಂದು ಬಂದೆ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕಲು ಮನಸ್ಸು ಬರಲಿಲ್ಲ. ಹೇಳಬೇಕೆಂದಿದ್ದದ್ದು ಅದನ್ನೇ. ಬಾಯಿಂದ ಬಂದದ್ದು ಆಯ್ತು ಟೀಚರ್ ಎಂದು. ಒಲ್ಲೆನೆಂದರೆ ಇನ್ನು ಕ್ಲಾಸಿಗೇ ಬರಬೇಡ ಎಂದಿದ್ದರು. ಶುಕ್ರವಾರ ಎಲೆ ಕಟ್ಟಿಕೊಳ್ಳುತ್ತೇನೆ. ನೀನು ನೋಡಬೇಡ.