ಮೂವತ್ತೊಂದನೆಯ ಬಿಲ್ಲೆ

ಅಕ್ಕನಿಗೆ ನಮಸ್ಕಾರ.

ನನ್ನ ಕೆಮ್ಮು ಇಳಿದಿದೆ, ಅಮ್ಮನಿಗೆ ಅಷ್ಟನ್ನೇ ಹೇಳು.

ಇಲ್ಲಿ ನನ್ನ ಕೆಲಸ ಕಾಡಿನ ಗೇಟು ಕಾಯುವುದು. ಜಲಪಾತ ನೋಡಲು ಒಳಗೆ ಹೋಗುವವರ ಹೆಸರು ಬರೆದುಕೊಂಡು ಒಬ್ಬೊಬ್ಬರಿಗೂ ನಂಬರಿನ ತಗಡಿನ ಬಿಲ್ಲೆ ಕೊಡುತ್ತೇನೆ. ವಾಪಸು ಬಂದವರ ಬಿಲ್ಲೆಯನ್ನು ಹಲಗೆಯ ಮೊಳೆಗೆ ತಗುಲಿಸುತ್ತೇನೆ. ಸಂಜೆ ಮೊಳೆಗಳೆಲ್ಲ ತುಂಬಿದ್ದರೆ ಒಳಗೆ ಯಾರೂ ಉಳಿದಿಲ್ಲವೆಂದು ಅರ್ಥ.

ಸೋಮವಾರ ಸಂಜೆ ಮೂವತ್ತೊಂದರ ಬಿಲ್ಲೆ ಗೇಟಿನ ಒಳಗೆ ಹುಲ್ಲಿನಲ್ಲಿ ಬಿದ್ದಿತ್ತು. ಯಾರೋ ಬಸ್ಸಿನ ಆತುರದಲ್ಲಿ ಬೀಳಿಸಿಕೊಂಡು ಹೋಗಿರಬೇಕೆಂದು ಮೊಳೆಗೆ ಹಾಕಿ ಬೀಗ ಜಡಿದೆ.

ಮರುದಿನ ಒಬ್ಬ ಹೆಂಗಸು ಗಂಡನನ್ನು ಹುಡುಕಿಕೊಂಡು ಬಂದರು. ಪುಸ್ತಕದಲ್ಲಿ ಆತನ ಹೆಸರಿನ ಮುಂದೆ ಮೂವತ್ತೊಂದು ಎಂದಿತ್ತು. ಬಿಲ್ಲೆ ಬಿದ್ದದ್ದು ಆತ ಒಳಗೆ ಹೋಗುವಾಗಲೇ ಎಂದು ನನಗೆ ಆಗ ಹೊಳೆಯಿತು. ರೇಂಜರ್ ಸಾಹೇಬರು ಹಲಗೆ ನೋಡಿ, "ಬಿಲ್ಲೆ ಇಲ್ಲೇ ಇದೆಯಲ್ಲಮ್ಮ, ಅವರು ಹೊರಗೆ ಹೋಗಿದಾರೆ. ಕಾಡಲ್ಲಿ ಏನಂತ ಹುಡುಕೋದು?" ಎಂದರು.

ಆಕೆ ನನ್ನ ಬೆಂಚಿನ ಮೇಲೆ ಕೂತು ಕೇಳಿದರು: "ಹಾಗಾದ್ರೆ ನನ್ನ ಬಿಟ್ಟು ಹೋದ್ರು ಅಂತಾನೇ, ಅಲ್ವಾ?"

ನಾನು ಪುಸ್ತಕ ಮುಚ್ಚಿ ಬಸ್ಸಿನ ಹೊತ್ತು ಹೇಳಿದೆ. ಆಕೆ ಬಸ್ಸು ಹತ್ತಿದರು.

ಇವತ್ತು ಗುರುವಾರ. ಬೆಳಗಿನಿಂದ ಜಲಪಾತದ ಕೆಳಗಿನ ದಾರಿಯ ಮೇಲೆ ಹದ್ದುಗಳು ಸುತ್ತುತ್ತಿವೆ. ಎರಡು ಸಲ ಸಾಹೇಬರ ಆಫೀಸಿನ ಬಾಗಿಲತನಕ ಹೋಗಿ ತಿರುಗಿ ಬಂದೆ.

ಟ್ರಂಕಿನಲ್ಲಿ ಕವರ್ ಇತ್ತು. ಆದರೂ ತೆರೆದ ಅಂಚೆ ಕಾರ್ಡಿನಲ್ಲೇ ಬರೆದಿದ್ದೇನೆ. ಇಲ್ಲಿಯ ಟಪಾಲೆಲ್ಲ ಸಾಹೇಬರ ಮೇಜು ದಾಟಿಯೇ ಹೋಗಬೇಕು. ಓದಲಿ.

ನಿನ್ನ ತಮ್ಮ